ಗೀಜಗನ ಸಂಸಾರವನ್ನು ಕಂಡ ಸಲೀಂ ಅಲಿ

ಮಾನವನು ಕೋಳಿಯನ್ನು ಸಾಕಲು ತೊಡಗಿ ಸಾವಿರಾರು ವರ್ಷಗಳು ಕಳೆದಿವೆ. ಮೊಟ್ಟೆಯಿಡುವ ಹೊತ್ತು ಸಮೀಪಿಸಿದಾಗ ಹೇಂಟೆಯು ನಿಂತಲ್ಲಿ ನಿಲ್ಲದೆ ಅತ್ತಿತ್ತ ಅಲೆಯುವುದನ್ನೂ, ಬಯಲನ್ನು ತೊರೆದು ಮಬ್ಬುಗತ್ತಲೆಯ ಮೂಲೆಯೊಂದನ್ನು ಅರಸುವುದನ್ನೂ, ಇನ್ನೊಂದು ಹೇಂಟೆಯು ಮೊಟ್ಟೆಯಿಟ್ಟ ತಾಣವನ್ನೇ ತಾನೂ ಮೆಚ್ಚುವುದನ್ನೂ ನಮ್ಮ ಹಳ್ಳಿಗಳ ತಾಯಂದಿರು ಬಹುಕಾಲದಿಂದ ಬಲ್ಲರು. ಆದರೂ ಕೋಳಿಗಳ ಹಿಂಡಿನಲ್ಲಿ ಮೇಲು ಕೀಳುಗಳ ಕ್ರಮವೊಂದುಂಟು, ಯಾವ ಕೋಳಿ ಯಾವುದನ್ನು ಕುಕ್ಕಬಹುದು, ಯಾವುದಕ್ಕೆ ದಾರಿ ಬಿಡಬೇಕು ಎಂಬುದು ಆ ಹಿಂಡಿನೊಳಗೆ ನಿಶ್ಚಯವಾಗಿರುತ್ತದೆ, ಎಂಬ ಸಂಗತಿಯು ಶಾಸ್ತ್ರಗ್ರಂಥಗಳಿಗೆ ಸೇರಿದುದು 1920ರ ದಶಕದಲ್ಲಿ. ನಾರ್ವೆ ದೇಶದ ತೋರ್ಲೈಫ್ ಶೆಲ್ಡರಪ್-ಎಬ್ಬೆ ಎಂಬಾತನು ಬಾಲ್ಯದಿಂದಲೂ ತನ್ನ ಕೋಳಿಗಳನ್ನು ಒಂದೊಂದಾಗಿ ಗುರುತಿಸಿ, ಅವುಗಳ ನಡೆನುಡಿಗಳನ್ನು ಬರೆದಿಟ್ಟು ಈ ಸತ್ಯವನ್ನು ಕಂಡುಕೊಂಡನು. ಎಲ್ಲರ ಕಣ್ಣೆದುರಿಗೆ ಇದ್ದುದನ್ನು ಒಬ್ಬನು ಮಾತ್ರ ನೋಡಿದನು.

ಅದೇ ಕಾಲದಲ್ಲಿ ನಮ್ಮ ಮುಂಬಯಿಯ ಮಹನೀಯರೊಬ್ಬರು ಇಂಥದೇ ದೃಷ್ಟಿಯಿಂದ ನಮ್ಮ ನಾಡಿನ ಚಿಕ್ಕ ಹಕ್ಕಿಯೊಂದರ ಗೂಡನ್ನು ನೋಡಿದರು. ಅವರೇ ಜಗತ್ಪ್ರಸಿದ್ಧ ಪಕ್ಷಿಶಾಸ್ತ್ರಜ್ಞರಾದ ಡಾ. ಸಲೀಂ ಅಲಿ ಅವರು. ಅವರು ಬರೆದ ಗ್ರಂಥಗಳ ಹಾಗೂ ಪಡೆದ ಪದವಿಗಳ ಪಟ್ಟಿಯು ದೀರ್ಘವಾದುದು. ಆ ಕೀರ್ತಿಗೆಲ್ಲ ಬೀಜವಾದುದು ಅವರು ಉದ್ಯೋಗವಿಲ್ಲದೆ ಕಳೆದ ಒಂದು ಮಳೆಗಾಲ ಎಂಬುದನ್ನು ವಿದ್ಯಾರ್ಥಿಗಳಾದ ನಾವು ವಿಶೇಷವಾಗಿ ತಿಳಿಯತಕ್ಕದ್ದಾಗಿದೆ.

ಬಾಲ್ಯ

ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿಯವರು 1896ನೆಯ ಇಸವಿ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ತುಂಬು ಸಂಸಾರದ ಮಕ್ಕಳಲ್ಲಿ ಇವರೇ ಕಿರಿಯರು. ಒಂದು ವರ್ಷದ ಕೂಸಾಗಿದ್ದಾಗ ತಂದೆಯೂ, ಮೂರು ವರ್ಷದವರಿದ್ದಾಗ ತಾಯಿಯೂ ತೀರಿಕೊಂಡರು. ಅನಾಥರಾದ ಮಕ್ಕಳನ್ನು ಸೋದರಮಾವನಾದ ಅಮೀರುದ್ದೀನ್ ತಯ್ಯಬ್‌ಜಿಯವರೂ, ಮಕ್ಕಳಿಲ್ಲದ ಅವರ ಪತ್ನಿ ಹಮೀದಾ ಬೇಗಮರೂ ಗಿರಗಾಂವದ ಖೇತವಾಡಿಯಲ್ಲಿದ್ದ ತಮ್ಮ ಮನೆಯಲ್ಲಿ ಸ್ವಂತ ಮಕ್ಕಳಂತೆ ಸಾಕಿದರು. ಇಂದು ಜನನಿಬಿಡವಾಗಿರುವ ಆ ಖೇತವಾಡಿಯಲ್ಲಿ ಅಂದು ಕುದುರೆಲಾಯಗಳಿದ್ದ ಮನೆಗಳಿದ್ದುವು. ಲಾಯದ ಗೋಡೆಗಳ ಬಿಲಗಳಲ್ಲಿ ಗುಬ್ಬಚ್ಚಿಗಳು ಸಂಸಾರ ಹೂಡುತ್ತಿದ್ದುವು.

ಅಮೀರುದ್ದೀನರು ಬೇಟೆಯ ಹವ್ಯಾಸವುಳ್ಳವರು. ಅವರು ಬಾಲಕನಿಗೆ ಒಂದು ಗಾಳಿಕೋವಿಯನ್ನು ಕೊಡಿಸಿದರು. ಹತ್ತು ವರ್ಷದ ಹುಡುಗನಿಗೆ ಇದಕ್ಕಿಂತ ಹೆಚ್ಚಿನ ಸಂತೋಷವೇನಿದ್ದೀತು? ಅವನ ಬೇಟೆಯೆಲ್ಲ ಗುಬ್ಬಚ್ಚಿಗಳ ಮೇಲೆ ನಡೆಯಿತು. 1906-07ರ ಸುಮಾರಿಗೆ ಲಾಯದ ಗೋಡೆಯ ಬಿಲವೊಂದರಲ್ಲಿ ಹೆಣ್ಣುಗುಬ್ಬಿಯೊಂದು ಮೊಟ್ಟೆಗಳ ಮೇಲೆ ಕುಳಿತಿತ್ತು. ಹತ್ತಿರದ ಮೊಳೆಯೊಂದರ ಮೇಲೆ ಗಂಡುಗುಬ್ಬಿಯು ಕಾವಲಿತ್ತು. ನಿಲ್ಲಿಸಿದ್ದ ಗಾಡಿಯ ಮರೆಯಿಂದ ಬಾಲಕನು ಆ ಗಂಡನ್ನು ಹೊಡೆದು ಕೆಡವಿದನು. ಸ್ವಲ್ಪ ಹೊತ್ತಿನಲ್ಲಿಯೇ ಬೇರೊಂದು ಗಂಡು ಬಂದು ಅದೇ ಮೊಳೆಯ ಮೇಲೆ ಕುಳಿತಿತು. ಅದನ್ನೂ ಹೊಡೆದನು. ಮತ್ತೊಂದು ಬಂದಿತು. ಹೀಗೆ ಏಳು ದಿನಗಳಲ್ಲಿ ಎಂಟು ಗಂಡುಗುಬ್ಬಿಗಳು ಆ ಒಂದೇ ಗೂಡಿನ ಬಾಗಿಲಲ್ಲಿ ಪ್ರಾಣ ಬಿಟ್ಟವು. ಪ್ರತಿಸಲವೂ ಹೆಣ್ಣಿಗೆ ಹೊಸ ಜೊತೆಗಾರನು ದೊರೆಯುತ್ತಲೇ ಇದ್ದನು.

ಇದು ಕ್ರೂರವಾದ ಆಟವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಾಲಕನು ಅಷ್ಟಕ್ಕೇ ನಿಲ್ಲಿಸದೆ, ತಾನು ಕಂಡುದನ್ನು ಕ್ರಮವಾಗಿ ಬರೆದಿಟ್ಟನು. ಗೂಡಿಲ್ಲದ ಗಂಡುಗಳು ಸುತ್ತಮುತ್ತ ಎಷ್ಟೋ ಇರುತ್ತವೆ, ನೆಲೆಯೊಂದು ತೆರವಾದೊಡನೆ ಅವು ಬಂದು ಸೇರುತ್ತವೆ, ಎಂಬ ಅರ್ಥವು ಆ ನಾಲ್ಕು ಸಾಲುಗಳಲ್ಲಿ ಅಡಗಿತ್ತು. ಅನೇಕ ದಶಕಗಳ ತರುವಾಯ ಆ ಟಿಪ್ಪಣಿಯು ಅಚ್ಚಾದಾಗ ಪಕ್ಷಿಗಳ ನಡತೆಯನ್ನು ಬಲ್ಲವರು ಅದನ್ನು ಆದರದಿಂದ ಓದಿದರು.

ಹಳದಿ ಕೊರಳಿನ ಗುಬ್ಬಿ

1908ರ ಸುಮಾರಿಗೆ ಇನ್ನೊಂದು ಘಟನೆ ನಡೆಯಿತು. ಬಾಲಕನು ಹೊಡೆದ ಗುಬ್ಬಿಗಳಲ್ಲೊಂದರ ಕೊರಳಿನಲ್ಲಿ ಹಳದಿಯ ಮಚ್ಚೆಯಿತ್ತು. ಇದನ್ನು ತಿನ್ನಬಹುದೋ ಬಾರದೋ ಎಂಬ ಸಂಶಯದಿಂದ ಅವನು ಅದನ್ನು ಮಾವನ ಬಳಿಗೆ ಒಯ್ದನು. ಮಾವನಿಗೂ ಅದು ಯಾವ ಹಕ್ಕಿಯೆಂದು ತಿಳಿಯಲಿಲ್ಲ. ಅವರು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸದಸ್ಯರಾಗಿದ್ದರು. 1883ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯ ಕಚೇರಿಯು ಆಗ ಕೋಟೆಯ ಅಪೊಲೊ ಬೀದಿಯಲ್ಲಿತ್ತು. ಅದರ ಗೌರವ ಕಾರ್ಯದರ್ಶಿಗಳಾದ ಡಬ್ಲ್ಯು. ಎಸ್. ಮಿಲಾರ್ಡ್ ಎಂಬ ಆಂಗ್ಲ ಗೃಹಸ್ಥರಿಗೆ ಪತ್ರ ಬರೆದುಕೊಟ್ಟು, ಹುಡುಗನನ್ನು ಅಲ್ಲಿಗೆ ಕಳುಹಿಸಿದರು.

ಅಳುಕುತ್ತಳುಕುತ್ತ ಒಳಗೆ ಹೋದ ಹುಡುಗನನ್ನು ಮಿಲಾರ್ಡರು ಆದರದಿಂದ ಬರಮಾಡಿಕೊಂಡರು. ಅದು ಹಳದಿ ಕೊರಳಿನ ಗುಬ್ಬಿಯೆಂದು ತಿಳಿಸಿದರು. ಬಳಿಕ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದು, ಹುಲ್ಲು ಹತ್ತಿಗಳನ್ನು ತುಂಬಿ ಕಾದಿರಿಸಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನು ಕೊಟ್ಟರು. ಒಬ್ಬ ದೊಡ್ಡ ಮನುಷ್ಯನು ಒಬ್ಬ ಬಾಲಕನ ಪ್ರಶ್ನೆಗೆ ತೋರಿದ ಆ ಅರ್ಧ ದಿನದ ಗೌರವವು ಒಂದು ಜೀವನದ ದಿಕ್ಕನ್ನೇ ಬದಲಾಯಿಸಿತು. ಮುಂದೆ ಸಲೀಂ ಅಲಿಯವರು ತಮ್ಮ ಆತ್ಮಕಥೆಗೆ ಗುಬ್ಬಿಯ ಪತನವೆಂಬ ಅರ್ಥದ ಹೆಸರನ್ನಿಟ್ಟುದು ಈ ಕಾರಣದಿಂದಲೇ. ಆ ಗ್ರಂಥವು 1985ರಲ್ಲಿ ಪ್ರಕಟವಾಯಿತು.

ಎಡರುಗಳ ಕಾಲ

ಶಾಲೆಯ ಓದಿನಲ್ಲಿ ಸಲೀಂ ಅಲಿಯವರು ಮುಂದಾಳಾಗಿರಲಿಲ್ಲ. ಆಗಾಗ ಬರುತ್ತಿದ್ದ ತಲೆನೋವಿನ ಬಾಧೆಯಿಂದ ಅವರ ವಿದ್ಯಾಭ್ಯಾಸವು ನಡುನಡುವೆ ನಿಂತಿತು. 1913ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಹೇಗೋ ತೇರ್ಗಡೆಯಾದರು. ಕಾಲೇಜಿನ ವ್ಯಾಸಂಗವು ಪೂರ್ಣವಾಗುವ ಮೊದಲೇ ಬರ್ಮಾದೇಶದ ತವಾಯ್ ಎಂಬಲ್ಲಿಗೆ ಹೋಗಿ, ಮನೆತನದ ಗಣಿ ಹಾಗೂ ಮರದ ವ್ಯಾಪಾರವನ್ನು ನೋಡಿಕೊಳ್ಳಬೇಕಾಯಿತು. ಅಲ್ಲಿಯ ಕಾಡಿನಲ್ಲಿ ಅವರ ಕಣ್ಣು ಲೆಕ್ಕದ ಪುಸ್ತಕಕ್ಕಿಂತ ಹೆಚ್ಚಾಗಿ ಹಕ್ಕಿಗಳ ಮೇಲೆಯೇ ಇತ್ತು. 1917ರಲ್ಲಿ ಮುಂಬಯಿಗೆ ಮರಳಿ ವಾಣಿಜ್ಯವನ್ನು ಕಲಿಯುತ್ತಿರುವಾಗ, ಸೇಂಟ್ ಝೇವಿಯರ್ ಕಾಲೇಜಿನ ಫಾದರ್ ಬ್ಲಾಟರ್ ಅವರ ಪ್ರೋತ್ಸಾಹದಿಂದ ಪ್ರಾಣಿಶಾಸ್ತ್ರವನ್ನೂ ಅಭ್ಯಸಿಸಿದರು. 1918ರಲ್ಲಿ ತಹಮೀನಾ ಎಂಬ ಸುಶಿಕ್ಷಿತ ಕನ್ಯೆಯೊಡನೆ ಅವರ ವಿವಾಹವಾಯಿತು. ಪತಿಯ ಒಲವು ಎತ್ತ ಎಂಬುದನ್ನು ಆ ಸಾಧ್ವಿಯು ಬೇಗನೆ ಅರಿತಳು. ಅದಕ್ಕೆ ಎಂದೂ ಅಡ್ಡಿಯಾಗಲಿಲ್ಲ.

ಬರ್ಮಾದ ವ್ಯಾಪಾರವು ನಷ್ಟಕ್ಕೀಡಾಯಿತು. ಭಾರತದ ಪ್ರಾಣಿ ಸಮೀಕ್ಷಾ ಇಲಾಖೆಯಲ್ಲಿ ಪಕ್ಷಿತಜ್ಞರ ಸ್ಥಾನವು ತೆರವಾದಾಗ, ವಿಶ್ವವಿದ್ಯಾಲಯದ ಪದವಿಯಿಲ್ಲವೆಂಬ ಕಾರಣದಿಂದ ಅದು ಇವರಿಗೆ ದೊರೆಯಲಿಲ್ಲ. ಕೊನೆಗೆ 1926ರಲ್ಲಿ, ಇಂದು ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯವೆಂದು ಕರೆಯಲ್ಪಡುವ ಅಂದಿನ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನ ನಿಸರ್ಗವಿಭಾಗದಲ್ಲಿ, ಬಂದವರಿಗೆ ವಿವರಿಸಿ ಹೇಳುವ ಉಪನ್ಯಾಸಕರಾಗಿ ತಿಂಗಳಿಗೆ 350 ರೂಪಾಯಿಗಳ ವೇತನದ ಮೇಲೆ ಸೇರಿದರು. ಸತ್ತ ಹಕ್ಕಿಗಳ ಮುಂದೆ ನಿಂತು ಹೇಳಿದ್ದನ್ನೇ ಹೇಳುವುದರಿಂದ ಅವರಿಗೆ ತೃಪ್ತಿಯಾಗಲಿಲ್ಲ. ರಜೆ ಪಡೆದು ಜರ್ಮನಿಗೆ ತೆರಳಿ, ಬರ್ಲಿನ್ ನಗರದ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿದ್ದ ಎರ್ವಿನ್ ಸ್ಟ್ರೆಸೆಮಾನ್ ಎಂಬ ಮಹಾವಿದ್ವಾಂಸರ ಶಿಷ್ಯರಾದರು. ಹೆಲಿಗೊಲ್ಯಾಂಡ್ ದ್ವೀಪದಲ್ಲಿ ವಲಸೆಯ ಹಕ್ಕಿಗಳ ಕಾಲಿಗೆ ಸಂಖ್ಯೆಯುಳ್ಳ ಬಳೆಗಳನ್ನು ತೊಡಿಸಿ ಬಿಡುವ ವಿಧಾನವನ್ನು ಕಂಡರು. ಹಕ್ಕಿಯನ್ನು ಜಾತಿಯಾಗಿ ಮಾತ್ರವಲ್ಲ, ಇದೇ ಹಕ್ಕಿಯೆಂದು ಬಿಡಿಬಿಡಿಯಾಗಿ ಅರಿಯಬೇಕೆಂಬ ಹೊಸ ದೃಷ್ಟಿಯು ಅವರಿಗೆ ಅಲ್ಲಿ ದೃಢವಾಯಿತು.

1930ರಲ್ಲಿ ಮುಂಬಯಿಗೆ ಹಿಂದಿರುಗಿ ಬಂದಾಗ ಅವರ ಹುದ್ದೆಯೇ ಇರಲಿಲ್ಲ. ಹಣದ ಅಭಾವದಿಂದ ಅದನ್ನು ತೆಗೆದುಹಾಕಲಾಗಿತ್ತು. ವಯಸ್ಸು ಮೂವತ್ತುಮೂರು ದಾಟಿತ್ತು. ಕೈಯಲ್ಲಿ ಪದವಿಯಿಲ್ಲ, ಸಂಬಳವಿಲ್ಲ. ಮುಂಬಯಿಯಲ್ಲಿ ಮನೆ ನಡೆಸುವುದು ಕಷ್ಟವಾದುದರಿಂದ ದಂಪತಿಗಳು ಬಂದರಿನ ಆಚೆ, ಅಲಿಬಾಗದ ಸಮೀಪದಲ್ಲಿರುವ ಕಿಹೀಮ್ ಎಂಬ ಕಡಲತೀರದ ಹಳ್ಳಿಯ ಚಿಕ್ಕ ಮನೆಯೊಂದಕ್ಕೆ ಹೋಗಿ ನೆಲೆಸಿದರು.

ಕಿಹೀಮಿನ ಮಳೆಗಾಲ

ಆ ಮನೆಯ ಹತ್ತಿರದಲ್ಲಿಯೇ ಗೀಜಗಗಳ ಬೀಡೊಂದಿತ್ತು. ಗೀಜಗವನ್ನು ಅರಿಯದ ಕನ್ನಡಿಗರುಂಟೇ? ಮಳೆಯಲ್ಲಿ ನೆನೆಯುತ್ತಿದ್ದ ಕೋತಿಗೆ ಬುದ್ಧಿ ಹೇಳಹೋಗಿ ಗೂಡನ್ನು ಕಳೆದುಕೊಂಡ ಹಕ್ಕಿಯ ಕಥೆಯನ್ನು ನಾವೆಲ್ಲ ಎಳವೆಯಲ್ಲಿಯೇ ಕೇಳಿದ್ದೇವೆ. ತೆಂಗಿನ, ಈಚಲಿನ ಗರಿಗಳಿಂದ ಜೋಲುವ ಆ ಗೂಡುಗಳನ್ನು ಕಂಡು ಬೆರಗಾಗದವರಿಲ್ಲ. ಆದರೆ ಗೂಡನ್ನು ಹೊಗಳಿದವರು ಅನೇಕರಾದರೂ ಗೂಡಿನೊಳಗಣ ಸಂಸಾರವನ್ನು ಅರಿತವರು ವಿರಳ. ಗಂಡುಹೆಣ್ಣುಗಳೆರಡೂ ಕೂಡಿ ಗೂಡು ಕಟ್ಟುತ್ತವೆಂದು ಕೆಲವರು ಬಗೆದಿದ್ದರು. ಅರೆಬರೆಯಾಗಿ ಬಿಟ್ಟ ಗೂಡುಗಳು ಗಂಡುಹಕ್ಕಿಯು ಕುಳಿತು ತೂಗಾಡುವ ಉಯ್ಯಾಲೆಗಳೆಂದು ಕೆಲವರು ನಂಬಿದ್ದರು. ಗೂಡಿನ ಒಳಮೈಗೆ ಮೆತ್ತಿದ ಹಸಿಮಣ್ಣಿನ ಉಂಡೆಗಳಲ್ಲಿ ಹಕ್ಕಿಯು ಮಿಂಚುಹುಳುಗಳನ್ನು ಸಿಕ್ಕಿಸಿ ದೀಪ ಮಾಡಿಕೊಳ್ಳುತ್ತದೆಂಬ ಜನಜನಿತವಾದ ಮಾತೂ ಇತ್ತು.

ಸಲೀಂ ಅಲಿಯವರಿಗೆ ಈಗ ಬೇಕಾದಷ್ಟು ಬಿಡುವಿತ್ತು. ಅವರು ಗೂಡುಗಳ ಸಮೀಪದಲ್ಲಿ ಮರೆಯಾಗಿ ಕುಳಿತು, ದಿನದಿನವೂ ಗಂಟೆಗಟ್ಟಲೆ ಹಕ್ಕಿಗಳ ವ್ಯವಹಾರವನ್ನು ನೋಡತೊಡಗಿದರು. ಯಾವ ಗೂಡಿಗೆ ಯಾವ ಗಂಡು ಬಂದಿತು, ಯಾವಾಗ ಬಂದಿತು, ಹೆಣ್ಣು ಎಂದು ಕಾಣಿಸಿಕೊಂಡಿತು, ಮುಂದೇನಾಯಿತು, ಎಂಬುದನ್ನೆಲ್ಲ ಬರೆದಿಟ್ಟರು. ಮಳೆಗಾಲವು ಮುಗಿಯುವಷ್ಟರಲ್ಲಿ ಯಾರೂ ಅರಿಯದ ವೃತ್ತಾಂತವೊಂದು ಅವರ ಟಿಪ್ಪಣಿಯ ಪುಸ್ತಕದಲ್ಲಿ ಮೂಡಿತು.

ಆ ವೃತ್ತಾಂತವು ಹೀಗಿದೆ. ಮುಂಗಾರು ಪ್ರಾರಂಭವಾದೊಡನೆ ಗಂಡುಗೀಜಗದ ನೆತ್ತಿಯೂ ಎದೆಯೂ ಹೊಳೆಯುವ ಹಳದಿಯಾಗುತ್ತವೆ. ಗಂಡುಗಳು ಗುಂಪಾಗಿ ಒಂದೇ ಮರವನ್ನು ಆರಿಸಿಕೊಂಡು ಗೂಡು ಕಟ್ಟತೊಡಗುತ್ತವೆ. ಹುಲ್ಲಿನ ಅಥವಾ ಭತ್ತದ ಎಲೆಯ ಅಂಚನ್ನು ಕೊಕ್ಕಿನಿಂದ ಕಚ್ಚಿ, ಹಾರುತ್ತ ಉದ್ದನೆಯ ಎಳೆಯನ್ನು ಸೀಳಿ ತರುತ್ತವೆ. ಒಂದು ಗೂಡಿಗಾಗಿ ಸುಮಾರು ಐನೂರು ಸಲ ಹೋಗಿಬರಬೇಕಾಗುತ್ತದೆ. ಗೂಡು ಅರ್ಧವಾದಾಗ ಅದರ ಆಕಾರವು ಶಿರಸ್ತ್ರಾಣದಂತೆ ಇರುತ್ತದೆ. ಆಗ ಹೆಣ್ಣುಗಳ ತಂಡವು ಬರುತ್ತದೆ. ಅವು ಬಂದೊಡನೆ ಗಂಡುಗಳೆಲ್ಲ ತಮ್ಮ ತಮ್ಮ ಅರೆಗೂಡಿಗೆ ಜೋತುಬಿದ್ದು, ರೆಕ್ಕೆ ಬಡಿದು ಕೂಗುತ್ತವೆ. ಹೆಣ್ಣು ಒಂದು ಗೂಡಿನಿಂದ ಇನ್ನೊಂದಕ್ಕೆ ಹೋಗಿ, ಒಳಹೊಕ್ಕು ಪರೀಕ್ಷಿಸುತ್ತದೆ. ಮೆಚ್ಚಿದರೆ ಅಲ್ಲಿಯೇ ನೆಲೆಸುತ್ತದೆ, ಮೆಚ್ಚದಿದ್ದರೆ ಹಾರಿಹೋಗುತ್ತದೆ. ಒಪ್ಪಿಗೆಯಾದ ಮೇಲೆಯೇ ಗಂಡು ಮೊಟ್ಟೆಯ ಕೋಣೆಯನ್ನೂ, ಕೆಳಗೆ ಇಳಿಬಿದ್ದ ಕೊಳವೆಯಂಥ ದಾರಿಯನ್ನೂ ಪೂರ್ಣಗೊಳಿಸುತ್ತದೆ. ಯಾವ ಹೆಣ್ಣೂ ಒಪ್ಪದ ಗೂಡುಗಳು ಹಾಗೆಯೇ ಉಳಿಯುತ್ತವೆ. ಜನರು ಉಯ್ಯಾಲೆಯೆಂದು ತಿಳಿದುದು ಇಂಥ ತಿರಸ್ಕೃತ ಗೂಡುಗಳನ್ನೇ!

ಅಷ್ಟೇ ಅಲ್ಲ. ಹೆಣ್ಣು ಎರಡರಿಂದ ನಾಲ್ಕು ಬಿಳಿಯ ಮೊಟ್ಟೆಗಳನ್ನಿಟ್ಟು ಕಾವು ಕೊಡಲು ಕುಳಿತೊಡನೆ, ಗಂಡು ಸಮೀಪದಲ್ಲಿಯೇ ಎರಡನೆಯ ಗೂಡನ್ನು ಕಟ್ಟಲಾರಂಭಿಸಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಅದೂ ನೆಲೆಸಿದ ಬಳಿಕ ಮೂರನೆಯದು. ಹೀಗೆ ಒಂದೇ ಋತುವಿನಲ್ಲಿ ಒಂದು ಗಂಡಿಗೆ ಒಂದಾದ ಮೇಲೊಂದು ಸಂಸಾರಗಳು. ಒಂದೇ ಜೋಡಿಯ ಒಗ್ಗಟ್ಟಿನ ಮನೆಯೆಂದು ಲೋಕವು ಭಾವಿಸಿದ್ದ ಗೂಡಿನ ಹಿಂದೆ ಇಂಥ ಸಮಾಜವ್ಯವಸ್ಥೆಯಿದೆಯೆಂಬುದನ್ನು ಮೊತ್ತಮೊದಲು ಸ್ಪಷ್ಟವಾಗಿ ತೋರಿಸಿದವರು ಸಲೀಂ ಅಲಿಯವರು. ಅವರ ಪ್ರಬಂಧವು 1931ರಲ್ಲಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಕೆಲಸ ಕಳೆದುಕೊಂಡ ಉಪನ್ಯಾಸಕರು ಪಕ್ಷಿಶಾಸ್ತ್ರಜ್ಞರೆನಿಸಿದರು.

ನಮ್ಮ ಕೋಳಿಗಳಲ್ಲಿಯೂ ಹುಂಜವು ಮೂಲೆಯೊಂದರಲ್ಲಿ ಕುಳಿತು, ಮೆಲ್ಲನೆ ಕೂಗಿ, ಹೇಂಟೆಗೆ ಮೊಟ್ಟೆಯಿಡುವ ತಾಣವನ್ನು ತೋರಿಸುವುದುಂಟು. ಒಪ್ಪುವುದೂ ಬಿಡುವುದೂ ಹೇಂಟೆಯ ಇಚ್ಛೆ. ಗೀಜಗದಲ್ಲಿಯೂ ಆಯ್ಕೆಯು ಹೆಣ್ಣಿನದೇ. ಇತ್ತೀಚಿನ ಸಂಶೋಧನೆಗಳ ಪ್ರಕಾರ ಹೆಣ್ಣುಗೀಜಗವು ಗೂಡಿನ ಹೆಣಿಗೆಯ ಚೆಲುವಿಗಿಂತಲೂ ಅದು ತೂಗುವ ಸ್ಥಳದ ಕ್ಷೇಮಕ್ಕೆ ಹೆಚ್ಚು ಬೆಲೆ ಕೊಡುತ್ತದೆ. ಮುಳ್ಳಿನ ಮರ, ನೀರಿನ ಮೇಲೆ ಬಾಗಿದ ಕೊಂಬೆ, ಹಾವು ಕಾಗೆಗಳಿಗೆ ನಿಲುಕದ ಎತ್ತರ ಇವು ಅದಕ್ಕೆ ಪ್ರಿಯ. ಗೂಡುಗಳು ಬಹುಮಟ್ಟಿಗೆ ಮರದ ಪೂರ್ವದ ಮಗ್ಗುಲಲ್ಲಿ ಇರುವುದಕ್ಕೆ ನೈಋತ್ಯದಿಂದ ಬೀಸುವ ಮುಂಗಾರುಗಾಳಿಯ ಭಯವೇ ಕಾರಣವೆನ್ನುತ್ತಾರೆ.

ಇಲ್ಲಿ ಒಂದು ವಿಚಾರವು ಮನನೀಯವಾಗಿದೆ. ಖೇತವಾಡಿಯ ಬಾಲಕನು ಎಂಟು ಗುಬ್ಬಿಗಳನ್ನು ಕೊಂದು ಒಂದು ಸಂಗತಿಯನ್ನು ತಿಳಿದನು. ಕಿಹೀಮಿನಲ್ಲಿಯೂ ಅದೇ ಬಗೆಯ ಪ್ರಶ್ನೆ: ಗೂಡು ಯಾರದು, ಹೆಣ್ಣು ಯಾರನ್ನು ಒಪ್ಪುತ್ತದೆ? ಆದರೆ ಇಲ್ಲಿ ಕೋವಿಯಿಂದ ಪ್ರಯೋಜನವಿರಲಿಲ್ಲ. ಒಂದು ಗಂಡನ್ನು ಹೊಡೆದಿದ್ದರೆ ಅದರ ಎರಡನೆಯ ಸಂಸಾರವೂ ಮೂರನೆಯ ಸಂಸಾರವೂ ಎಂದೆಂದಿಗೂ ತಿಳಿಯುತ್ತಿರಲಿಲ್ಲ. ಸಮೀಕ್ಷೆಗಳಿಗಾಗಿ ಹಕ್ಕಿಗಳನ್ನು ಸಂಗ್ರಹಿಸುವುದನ್ನು ಅವರು ಮುಂದೆಯೂ ಅಗತ್ಯವೆಂದೇ ಎಣಿಸಿ ಮಾಡಿದರು. ಅಂದಿನ ಶಾಸ್ತ್ರಕ್ಕೆ ಅದು ಬೇಕಾಗಿತ್ತು. ಆದರೆ ಜೀವಿಗಳ ನಡತೆಯನ್ನು ಅರಿಯಲು ಅವುಗಳನ್ನು ಬದುಕಗೊಟ್ಟು ಕಾಯಬೇಕೆಂಬುದಕ್ಕೆ ಕಿಹೀಮಿನ ಮಳೆಗಾಲವೇ ಸಾಕ್ಷಿ.

ಕನ್ನಡ ನಾಡಿನಲ್ಲಿ

ತರುವಾಯ ಅವರು ಹೈದರಾಬಾದು, ತಿರುವಾಂಕೂರು, ಕೊಚ್ಚಿ ಮೊದಲಾದ ಸಂಸ್ಥಾನಗಳ ಪಕ್ಷಿಸಮೀಕ್ಷೆಯನ್ನು ನಡೆಸಿದರು. ಸಂಬಳವನ್ನು ಬಯಸದೆ, ಪ್ರವಾಸದ ವೆಚ್ಚವನ್ನು ಮಾತ್ರ ಪಡೆದು ಕಾಡುಮೇಡುಗಳಲ್ಲಿ ಡೇರೆ ಹಾಕುತ್ತಿದ್ದರು. ಕಷ್ಟಸುಖಗಳಲ್ಲಿ ಸಂಗಾತಿಯಾಗಿ ನಡೆದ ತಹಮೀನಾ ಅವರು 1939ರಲ್ಲಿ ಶಸ್ತ್ರಚಿಕಿತ್ಸೆಯೊಂದರ ತರುವಾಯ ನಿಧನ ಹೊಂದಿದರು. ಈ ಆಘಾತದಿಂದ ಕುಗ್ಗಿದ ಸಲೀಂ ಅಲಿಯವರಿಗೆ ಸೋದರಿ ಕಮ್ಮೂ ಅವರೂ ಆಕೆಯ ಪತಿಯೂ ತಮ್ಮ ಮನೆಯಲ್ಲಿ ಆಶ್ರಯವಿತ್ತರು. ಅವರು ಮರುಮದುವೆಯಾಗದೆ ಉಳಿದ ಆಯುಸ್ಸನ್ನೆಲ್ಲ ಪಕ್ಷಿಗಳಿಗೆ ಮೀಸಲಿಟ್ಟರು.

1939-40ರಲ್ಲಿ ಅವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗೆ ಬಂದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಬೆಳ್ಳಕ್ಕಿ, ಚಮಚಕೊಕ್ಕು, ಬಾಯ್ಕಳಕ ಮೊದಲಾದ ನೀರುಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಒಂದೆಡೆ ಗೂಡು ಕಟ್ಟುವುದನ್ನು ಅವರು ಕಂಡರು. ನೀರಿನಿಂದ ಆವೃತವಾದ ಇಂಥ ನೆಲೆಯು ಗೂಡುಹಕ್ಕಿಗಳಿಗೆ ಎಷ್ಟು ಅಮೂಲ್ಯವೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಾರು? ಅವರ ಸಲಹೆಯಂತೆ ಮೈಸೂರು ಅರಸರ ಸರ್ಕಾರವು 1940ರಲ್ಲಿ ಆ ಸ್ಥಳವನ್ನು ಪಕ್ಷಿಧಾಮವೆಂದು ಘೋಷಿಸಿತು. ಅದೇ ಇಂದಿನ ರಂಗನತಿಟ್ಟು. ರಜೆಯಲ್ಲಿ ಊರಿಗೆ ಹೋದಾಗ ಅಲ್ಲಿ ದೋಣಿಯಲ್ಲಿ ವಿಹರಿಸುವ ಮುಂಬಯಿಯ ಕನ್ನಡಿಗರು, ಆ ಧಾಮಕ್ಕೂ ತಮ್ಮ ನಗರದ ಈ ಪುತ್ರನಿಗೂ ಇರುವ ಸಂಬಂಧವನ್ನು ನೆನೆಯಬೇಕು.

ಗ್ರಂಥಗಳೂ ಗೌರವಗಳೂ

1941ರಲ್ಲಿ ಪ್ರಕಟವಾದ ಅವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಎಂಬ ಗ್ರಂಥವು ಸಾಮಾನ್ಯ ಜನರಿಗೆ ಪಕ್ಷಿಗಳನ್ನು ಗುರುತಿಸಲು ಕಲಿಸಿತು. ಅಮೆರಿಕೆಯ ಡಿಲನ್ ರಿಪ್ಲಿಯವರೊಡನೆ ರಚಿಸಿದ, ಭಾರತ ಹಾಗೂ ಪಾಕಿಸ್ತಾನಗಳ ಪಕ್ಷಿಗಳನ್ನು ಕುರಿತ ಮಹಾಗ್ರಂಥವು 1968ರಿಂದ 1974ರವರೆಗೆ 10 ಸಂಪುಟಗಳಲ್ಲಿ ಹೊರಬಂದಿತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಲಭಿಸಿದುವು. ಪದವಿಯಿಲ್ಲವೆಂದು ಕೆಲಸ ದೊರೆಯದಿದ್ದವರಿಗೆ ಅಲೀಗಢ, ದಿಲ್ಲಿ ಹಾಗೂ ಆಂಧ್ರ ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟುಗಳನ್ನು ಅರ್ಪಿಸಿದುವು. 1976ರಲ್ಲಿ ಬಂದ ಗೆಟ್ಟಿ ಪಾರಿತೋಷಕದ ಹಣದ ಬಹುಭಾಗವನ್ನು ಅವರು ನಿಸರ್ಗರಕ್ಷಣೆಯ ನಿಧಿಗೆ ಕೊಟ್ಟುಬಿಟ್ಟರು. ಭರತಪುರದ ಪಕ್ಷಿಧಾಮ, ಕೇರಳದ ಮೌನಕಣಿವೆಯ ಕಾಡು ಇವುಗಳ ರಕ್ಷಣೆಗಾಗಿ ಶ್ರಮಿಸಿದರು. 1985ರಲ್ಲಿ ರಾಜ್ಯಸಭೆಗೆ ನಾಮಕರಣ ಹೊಂದಿದರು.

ಗೀಜಗನನ್ನು ಮಾತ್ರ ಅವರು ಮರೆಯಲಿಲ್ಲ. ತಮ್ಮ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಿದ ವಿದ್ಯಾರ್ಥಿಯಿಂದ ಅದರ ಅಧ್ಯಯನವನ್ನು ಮುಂದುವರಿಸಿದರು. 1987ನೆಯ ಇಸವಿ ಜೂನ್ 20ರಂದು ಮುಂಬಯಿಯಲ್ಲಿ, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ದೀರ್ಘಕಾಲದ ಕಾಯಿಲೆಯಿಂದ ಅವರು ಇಹಲೋಕವನ್ನು ತ್ಯಜಿಸಿದರು.

ನಮ್ಮ ಕರ್ತವ್ಯ

ವಿದ್ಯಾರ್ಥಿ ಮಿತ್ರರೇ, ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದೇನು? ನಾವು ನಗರವಾಸಿಗಳು, ನಮಗೆ ಕಾಡೆಲ್ಲಿ, ಹಕ್ಕಿಯೆಲ್ಲಿ ಎಂದು ಹೇಳುವುದು ಸುಲಭ. ಆದರೆ ಸಲೀಂ ಅಲಿಯವರ ಮೊದಲ ಪಾಠವು ಗಿರಗಾಂವದ ಲಾಯದ ಗೋಡೆಯಲ್ಲಿ ನಡೆಯಿತು. ಇಂದಿಗೂ ಚಾಳಿನ ಮಾಡಿನ ಸಂದಿಯಲ್ಲಿ, ಅಂಗಡಿಯ ಫಲಕದ ಹಿಂದೆ ಗುಬ್ಬಚ್ಚಿಯು ಹುಲ್ಲುಕಡ್ಡಿಯನ್ನು ಒಯ್ಯುತ್ತಿರುತ್ತದೆ. ಮಳೆಗಾಲದಲ್ಲಿ ವಸಈ, ಪನವೇಲ, ಉರಣಗಳ ಕಡೆಗೆ ಹೋದರೆ ಗೀಜಗನ ಗೂಡುಗಳು ತೂಗುತ್ತಿರುವುದನ್ನು ಕಾಣಬಹುದು. ಆದರೆ ಹುಲ್ಲುಗಾವಲೂ ಜವುಗುಭೂಮಿಯೂ ಮಣ್ಣುತುಂಬಿ ಕಟ್ಟಡಗಳಾದ ಕಡೆಗಳಲ್ಲಿ ಗೀಜಗನಿಗೆ ಎಳೆಯೂ ಇಲ್ಲ, ಮರವೂ ಇಲ್ಲ. ಹೆಣ್ಣುಹಕ್ಕಿಯು ಒಪ್ಪದ ತಾಣದಲ್ಲಿ ಗೂಡಿದ್ದೂ ಇಲ್ಲದಂತೆಯೇ ಎಂಬುದನ್ನು ನಾವೀಗ ಬಲ್ಲೆವು. ಆದುದರಿಂದ ಹಕ್ಕಿಯನ್ನು ಉಳಿಸುವುದೆಂದರೆ ಅದು ಮೆಚ್ಚುವ ನೆಲೆಯನ್ನು ಉಳಿಸುವುದೇ ಆಗಿದೆ.

ಜೋಲುವ ಗೂಡನ್ನು ಕಿತ್ತು ತಂದು ಮನೆಯಲ್ಲಿ ಅಲಂಕಾರಕ್ಕೆ ತೂಗುಹಾಕುವವರುಂಟು. ಒಳಗೆ ಮೊಟ್ಟೆಯೋ ಮರಿಯೋ ಇದ್ದೀತೆಂಬ ವಿಚಾರವು ಅವರಿಗೆ ಹೊಳೆಯುವುದಿಲ್ಲ. ನಾವು ಹಾಗೆ ಮಾಡದಿರೋಣ. ಒಂದು ನೋಟುಪುಸ್ತಕವನ್ನು ತೆಗೆದುಕೊಂಡು ದಿನಾಂಕವನ್ನೂ ಸಮಯವನ್ನೂ ಬರೆದು, ನಮ್ಮ ಕಿಟಕಿಯಿಂದ ಕಾಣುವ ಒಂದೇ ಒಂದು ಗೂಡನ್ನು ಒಂದು ತಿಂಗಳು ಗಮನಿಸೋಣ. ಗಂಡು ಯಾವುದು, ಹೆಣ್ಣು ಯಾವುದು, ಹುಲ್ಲು ತಂದವರಾರು, ಮರಿಗೆ ಉಣಿಸಿದವರಾರು ಎಂದು ಬರೆದಿಡೋಣ. ತಿಳಿಯದಿದ್ದರೆ ಬಲ್ಲವರನ್ನು ಕೇಳಲು ನಾಚಬೇಕಾಗಿಲ್ಲ. ಮಿಲಾರ್ಡರ ಬಾಗಿಲನ್ನು ತಟ್ಟಿದ ಬಾಲಕನಿಗೂ ತನ್ನ ಕೈಯಲ್ಲಿದ್ದ ಹಕ್ಕಿಯ ಹೆಸರು ತಿಳಿದಿರಲಿಲ್ಲ.